ಗದ್ಯಭಾಗವನ್ನು ಓದಿ ಉತ್ತರಿಸಿರಿ

ನರ್ಸಿಂಗ್ ಪದವಿ ಮುಗಿಸಿದ ಮಗಳು ರಾತ್ರಿಯ ಊಟವಾದ ಮೇಲೆ ಐಇಎಲ್‌ಟಿಎಸ್ ಅಭ್ಯಾಸ ಪುಸ್ತಕವನ್ನು ಬಿಡಿಸಿಕೊಂಡು ಕುಳಿತುಕೊಳ್ಳುವುದು ಇಂದು ನಮ್ಮ ಧರ್ಮಕೇಂದ್ರಗಳ ಅನೇಕ ಮನೆಗಳಲ್ಲಿ ಸಾಮಾನ್ಯ ಸಂಗತಿ. ಆಕೆ ಇಂಜೆಕ್ಷನ್ ಕೊಡಬಲ್ಲಳು, ಗಾಯಕ್ಕೆ ಪಟ್ಟಿ ಕಟ್ಟಬಲ್ಲಳು, ರೋಗಿಯ ಮುಖ ನೋಡಿಯೇ ನೋವಿನ ಪ್ರಮಾಣವನ್ನು ಊಹಿಸಬಲ್ಲಳು. ಆದರೆ ಅವಳ ಮುಂದಿರುವ ಪುಟದಲ್ಲಿರುವುದು ಜೇನುಹುಳಗಳ ವಲಸೆಯ ಬಗ್ಗೆಯೋ ಪುರಾತನ ಹಡಗುಗಳ ಬಗ್ಗೆಯೋ ಬರೆದ ದೀರ್ಘ ಗದ್ಯಭಾಗ. ಅದರ ಕೆಳಗೆ ಹದಿಮೂರೋ ಹದಿನಾಲ್ಕೋ ಪ್ರಶ್ನೆಗಳು. ಗಡಿಯಾರ ಓಡುತ್ತಿದೆ. ಬ್ರಿಟನ್ನಿಗೋ ಐರ್ಲೆಂಡಿಗೋ ಹೋಗುವ ಅವಳ ಕನಸು, ತಂದೆ ಮಾಡಿದ ಸಾಲ, ತಮ್ಮನ ವಿದ್ಯಾಭ್ಯಾಸ ಎಲ್ಲವೂ ಆ ಗದ್ಯಭಾಗಕ್ಕೆ ತಳಕು ಹಾಕಿಕೊಂಡಿವೆ.

ಇಂತಹ ಮನೆಗಳಲ್ಲಿ ತಂದೆತಾಯಿಗಳು ಗುರುಗಳನ್ನು ಕೇಳುವ ಪ್ರಶ್ನೆ ಒಂದೇ: “ಸ್ವಾಮಿ, ನರ್ಸ್ ಕೆಲಸಕ್ಕೂ ಜೇನುಹುಳಕ್ಕೂ ಏನು ಸಂಬಂಧ?” ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಬೇಕಾದರೆ ಆ ಪರೀಕ್ಷೆಯ ಚರಿತ್ರೆಗೆ ಹೋಗಬೇಕಾಗುತ್ತದೆ. ವ್ಯಾಕರಣದ ಅಭ್ಯಾಸ, ಗದ್ಯಭಾಗದ ಪ್ರಶ್ನೆ, ನಾಲ್ಕರಲ್ಲಿ ಒಂದನ್ನು ಆರಿಸುವ ಉತ್ತರ, ಇವೆಲ್ಲ ಒಂದೇ ದಿನ ಒಂದೇ ಕೈಯಿಂದ ಹುಟ್ಟಿದವಲ್ಲ. ಒಂದೊಂದಕ್ಕೂ ಬೇರೆ ಬೇರೆ ಊರು, ಬೇರೆ ಬೇರೆ ಕಾಲ, ಬೇರೆ ಬೇರೆ ಉದ್ದೇಶ.

ಇಂಗ್ಲಿಷನ್ನು ಪರಭಾಷಿಕರಿಗೆ ಕಲಿಸಲು ಹೊರಟ ಮೊದಲಿಗರಲ್ಲಿ ಒಬ್ಬನೆಂದು ಚರಿತ್ರಕಾರರು ಗುರುತಿಸುವವನು ಝಾಕ್ ಬೆಲ್ಲೊ ಎಂಬ ಫ್ರೆಂಚ್ ಅಧ್ಯಾಪಕ. 1572ರ ಸಂತ ಬಾರ್ತೊಲೊಮೆಯೊಸರ ಹಬ್ಬದ ಸಂದರ್ಭದಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಹತ್ಯಾಕಾಂಡವನ್ನು ಓದುಗರು ಬಲ್ಲರು. ಆ ಕಾಲದ ಹಿಂಸೆಗೆ ಹೆದರಿ ಸಾವಿರಾರು ಫ್ರೆಂಚ್ ಪ್ರೊಟೆಸ್ಟೆಂಟರು ಕಡಲು ದಾಟಿ ಲಂಡನ್ನಿಗೆ ಓಡಿಬಂದರು. ಕಥೋಲಿಕರಾದ ನಾವು ತಲೆತಗ್ಗಿಸಿ ಓದಬೇಕಾದ ಪುಟವದು. ಹಾಗೆ ಬಂದ ನಿರಾಶ್ರಿತರಿಗೆಂದು ಬೆಲ್ಲೊ 1580ರಲ್ಲಿ ಒಂದು ಇಂಗ್ಲಿಷ್ ಪಾಠಪುಸ್ತಕವನ್ನೂ, 1586ರಲ್ಲಿ ದಿನಬಳಕೆಯ ಸಂಭಾಷಣೆಗಳ ಕಿರುಹೊತ್ತಗೆಯನ್ನೂ ಪ್ರಕಟಿಸಿದ. ಎರಡನೆಯದರಲ್ಲಿ ಪುಟವನ್ನು ಮೂರು ಅಂಕಣಗಳಾಗಿ ವಿಂಗಡಿಸಲಾಗಿತ್ತು. ಒಂದರಲ್ಲಿ ಇಂಗ್ಲಿಷ್ ಮಾತು, ಇನ್ನೊಂದರಲ್ಲಿ ಅದರ ಫ್ರೆಂಚ್ ಅರ್ಥ, ಮೂರನೆಯದರಲ್ಲಿ ಇಂಗ್ಲಿಷ್ ಮಾತನ್ನು ಫ್ರೆಂಚರು ಉಚ್ಚರಿಸಲು ಅನುಕೂಲವಾಗುವ ಬರವಣಿಗೆ. ನಮ್ಮ ಬಸ್ ನಿಲ್ದಾಣಗಳಲ್ಲಿ ಮಾರುವ ‘ಮೂವತ್ತು ದಿನಗಳಲ್ಲಿ ಇಂಗ್ಲಿಷ್’ ಪುಸ್ತಕಗಳ ಪೂರ್ವಜನೆಂದರೆ ಇದೇ. ಅಲ್ಲಿ ಪರೀಕ್ಷೆ ಇರಲಿಲ್ಲ. ಸಂತೆಗೆ ಹೋಗಿ ಸಾಮಾನು ತರಲು ಬಂದರೆ ಕಲಿತವನು ಉತ್ತೀರ್ಣ.

ವ್ಯಾಕರಣದ ಕಥೆ ಬೇರೆ. 1586ರಲ್ಲಿಯೇ ವಿಲಿಯಂ ಬುಲೊಕರ್ ಎಂಬವನು ಇಂಗ್ಲಿಷಿನ ಮೊದಲ ಮುದ್ರಿತ ವ್ಯಾಕರಣವನ್ನು ಹೊರತಂದ. ಇಂಗ್ಲಿಷಿಗೂ ಲತೀನಿನಂತೆ ನಿಯಮಗಳಿವೆ, ಅದು ಕೇವಲ ಆಡುಮಾತಲ್ಲ ಎಂದು ತೋರಿಸುವುದು ಅವನ ಹಂಬಲ. ಆದ್ದರಿಂದಲೇ ಲತೀನ್ ವ್ಯಾಕರಣದ ಅಚ್ಚಿನಲ್ಲೇ ಇಂಗ್ಲಿಷನ್ನು ಎರಕ ಹೊಯ್ದ. ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ಕೂರಿಸಲು ಹೊರಟ ನಮ್ಮ ಪೂರ್ವಿಕರ ಪ್ರಯಾಸವನ್ನು ಬಲ್ಲವರಿಗೆ ಇದು ಆಶ್ಚರ್ಯವೆನಿಸದು. 1653ರಲ್ಲಿ ಗಣಿತಜ್ಞ ಜಾನ್ ವಾಲಿಸ್ ಪರದೇಶೀಯರಿಗಾಗಿ ಬರೆದ ಇಂಗ್ಲಿಷ್ ವ್ಯಾಕರಣವಂತೂ ಸಂಪೂರ್ಣವಾಗಿ ಲತೀನ್ ಭಾಷೆಯಲ್ಲೇ ಇತ್ತು.

ಹದಿನೆಂಟನೆಯ ಶತಮಾನದಲ್ಲಿ ವ್ಯಾಕರಣವು ತಪ್ಪು ಹಿಡಿಯುವ ಶಾಸ್ತ್ರವಾಗಿ ಮಾರ್ಪಟ್ಟಿತು. ಮುಂದೆ ಲಂಡನ್ನಿನ ಆಂಗ್ಲಿಕನ್ ಧರ್ಮಾಧ್ಯಕ್ಷರಾದ ರಾಬರ್ಟ್ ಲೌತ್ 1762ರಲ್ಲಿ ಪ್ರಕಟಿಸಿದ ಚಿಕ್ಕ ವ್ಯಾಕರಣ ಗ್ರಂಥದಲ್ಲಿ ಶೇಕ್ಸ್‌ಪಿಯರ್, ಮಿಲ್ಟನ್ ಇವರ ಬರಹಗಳಲ್ಲೂ, ಅಷ್ಟೇ ಏಕೆ, ಇಂಗ್ಲಿಷ್ ಬೈಬಲಿನಲ್ಲೂ ವ್ಯಾಕರಣದೋಷಗಳನ್ನು ಹೆಕ್ಕಿ ತೋರಿಸಿದರು. ವಾಕ್ಯವನ್ನು ಪ್ರಿಪೊಸಿಷನ್ನಿನಿಂದ ಮುಗಿಸುವುದು ಗಂಭೀರ ಬರವಣಿಗೆಗೆ ಅಷ್ಟಾಗಿ ಒಪ್ಪುವುದಿಲ್ಲವೆಂದವರೂ ಅವರೇ. ಆ ಮಾತನ್ನು ಹೇಳುವಾಗ ಅವರ ವಾಕ್ಯದ ಒಂದು ತುಣುಕೇ ಪ್ರಿಪೊಸಿಷನ್ನಿನಿಂದ ಮುಗಿಯುತ್ತದೆ. ಅದು ಅವರ ಮುಗುಳ್ನಗೆಯೋ ಮರೆವೋ ಎಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ಲೌತರಿಗಿಂತ ಒಂದು ವರ್ಷ ಮೊದಲು, 1761ರಲ್ಲಿ, ಆಮ್ಲಜನಕದ ಸಂಶೋಧಕನೆಂದು ನಾವು ಶಾಲೆಯಲ್ಲಿ ಓದಿದ ಜೋಸೆಫ್ ಪ್ರೀಸ್ಟ್ಲಿ ಸಹ ಒಂದು ವ್ಯಾಕರಣ ಬರೆದಿದ್ದ. ಜನರು ಹೇಗೆ ಆಡುತ್ತಾರೋ ಅದೇ ಪ್ರಮಾಣ ಎಂಬುದು ಅವನ ನಿಲುವು. ಶಾಲೆಗಳಲ್ಲಿ ಗೆದ್ದದ್ದು ಲೌತರ ದಾರಿ.

ಅದನ್ನು ಮನೆಮನೆಗೆ ತಲುಪಿಸಿದವನು ಲಿಂಡ್ಲಿ ಮರ್ರೆ. ಅಮೆರಿಕದಲ್ಲಿ ಹುಟ್ಟಿ ವಕೀಲನಾಗಿ ಹಣ ಗಳಿಸಿ, ಅನಾರೋಗ್ಯದ ಕಾರಣ ಇಂಗ್ಲೆಂಡಿನ ಯಾರ್ಕ್ ನಗರದ ಬಳಿ ನೆಲೆಸಿದ ಕ್ವೇಕರ್ ಪಂಥದವನು. ಸ್ನಾಯುಗಳ ದುರ್ಬಲತೆಯಿಂದ ನಡೆದಾಡಲಾಗದೆ ಹೆಚ್ಚಿನ ಸಮಯವನ್ನು ಸೋಫಾದ ಮೇಲೆಯೇ ಕಳೆಯುತ್ತಿದ್ದ. ಪಕ್ಕದ ಬಾಲಕಿಯರ ಶಾಲೆಯ ಶಿಕ್ಷಕಿಯರು ಕೇಳಿಕೊಂಡರೆಂದು 1795ರಲ್ಲಿ ಅವನೊಂದು ವ್ಯಾಕರಣ ಬರೆದ. 1797ರಲ್ಲಿ ಅದಕ್ಕೆ ಜೋಡಿಯಾಗಿ ಅಭ್ಯಾಸಪುಸ್ತಕ ಬಂತು. ಬೇಕೆಂದೇ ತಪ್ಪಾಗಿ ಬರೆದ ನೂರಾರು ವಾಕ್ಯಗಳು. ವಿದ್ಯಾರ್ಥಿ ಅವುಗಳನ್ನು ತಿದ್ದಬೇಕು. “ಕೆಳಗಿನ ವಾಕ್ಯಗಳಲ್ಲಿರುವ ತಪ್ಪನ್ನು ಸರಿಪಡಿಸಿರಿ” ಎಂದು ನಾವೆಲ್ಲ ಬೆವರಿದ ಪ್ರಶ್ನೆಯನ್ನು ಶಾಲೆಗಳಲ್ಲಿ ಗಟ್ಟಿಯಾಗಿ ನೆಲೆಗೊಳಿಸಿದ್ದು ಆ ರೋಗಪೀಡಿತ ಸಜ್ಜನನ ಸೋಫಾ. ಅವನ ಪುಸ್ತಕಗಳು ಅಟ್ಲಾಂಟಿಕಿನ ಎರಡೂ ದಡಗಳಲ್ಲಿ ಲಕ್ಷಗಟ್ಟಲೆ ಮಾರಾಟವಾದವು.

ಕನ್ನಡ ಮಕ್ಕಳಿಗೆ ಈ ಅಭ್ಯಾಸಗಳು ಏಕೆ ಕಷ್ಟವೆಂಬುದನ್ನು ಇಲ್ಲೊಂದು ಮಾತಿನಲ್ಲಿ ಹೇಳಿಬಿಡುವುದು ಒಳ್ಳೆಯದು. ‘ಬೆಂಗಳೂರಿನಲ್ಲಿ’, ‘ಬಸ್ ನಿಲ್ದಾಣದಲ್ಲಿ’, ‘ಬಸ್ಸಿನಲ್ಲಿ’ ಎಂಬ ಮೂರಕ್ಕೂ ನಮಗೆ ಒಂದೇ ಸಪ್ತಮೀ ವಿಭಕ್ತಿ ಸಾಕು. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ‘ಇನ್’, ಎರಡನೆಯದಕ್ಕೆ ‘ಅಟ್’, ಮೂರನೆಯದಕ್ಕೆ ‘ಆನ್’ ಬೇಕು. ಇನ್ನು ‘ಎ’ ಮತ್ತು ‘ದಿ’ ಎಂಬ ಪುಟ್ಟ ಪದಗಳು ನಮ್ಮಲ್ಲಿ ಇಲ್ಲವೇ ಇಲ್ಲ ಎನ್ನುತ್ತಾರೆ. ಅವುಗಳ ಕೆಲಸವನ್ನು ಕನ್ನಡ ಬೇರೆ ರೀತಿಯಲ್ಲಿ ಮಾಡುತ್ತದೆ. ‘ಪುಸ್ತಕ ತಾ’ ಎಂದರೆ ಯಾವುದಾದರೂ ಪುಸ್ತಕ. ‘ಪುಸ್ತಕವನ್ನು ತಾ’ ಎಂದರೆ ಇಬ್ಬರಿಗೂ ಗೊತ್ತಿರುವ ಆ ಪುಸ್ತಕ. ದ್ವಿತೀಯಾ ವಿಭಕ್ತಿಯೇ ಇಲ್ಲಿ ‘ದಿ’ಯ ಕೆಲಸ ಮಾಡಿತು. ಇದನ್ನು ಮಕ್ಕಳಿಗೆ ಕನ್ನಡದಲ್ಲೇ ವಿವರಿಸಿ ಹೇಳುವ ಇಂಗ್ಲಿಷ್ ಅಧ್ಯಾಪಕರು ವಿರಳ. ಹೇಳಿದವರ ತರಗತಿಯಲ್ಲಿ ಮಕ್ಕಳ ಮುಖ ಅರಳುವುದನ್ನು ನಾನು ಕಂಡಿದ್ದೇನೆ.

ನಮ್ಮ ನಾಡಿನಲ್ಲಿ ಭಾಷಾಪರೀಕ್ಷೆಯ ಭಯವನ್ನು ಮೊದಲು ಅನುಭವಿಸಿದವರಲ್ಲಿ ಇಂಗ್ಲಿಷರೂ ಇದ್ದರು ಎಂಬುದು ಸ್ವಾರಸ್ಯದ ವಿಷಯ. 1812ರಲ್ಲಿ ಮದರಾಸಿನಲ್ಲಿ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು ಸ್ಥಾಪನೆಯಾಯಿತು. ಈಸ್ಟ್ ಇಂಡಿಯಾ ಕಂಪೆನಿಯ ತರುಣ ಅಧಿಕಾರಿಗಳು ಅಲ್ಲಿ ದಕ್ಷಿಣದ ಭಾಷೆಗಳನ್ನು ಕಲಿತು ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಿತ್ತು. ಪ್ರಗತಿ ತೋರಿಸಿದವರ ಭತ್ಯೆ ಏರುತ್ತಿತ್ತು. ಇಂಥವರ ಅಗತ್ಯಕ್ಕೆಂದೇ ಕನ್ನಡ ವ್ಯಾಕರಣಗಳು ಇಂಗ್ಲಿಷಿನಲ್ಲಿ ಅಚ್ಚಾದವು. ಶ್ರೀರಾಮಪುರದ ಮಿಷನರಿ ವಿಲಿಯಂ ಕ್ಯಾರಿಯ ವ್ಯಾಕರಣ 1817ರಲ್ಲಿ, ಕಂಪೆನಿಯ ಅಧಿಕಾರಿ ಜಾನ್ ಮೆಕೆರೆಲ್ಲನ ವ್ಯಾಕರಣ 1820ರಲ್ಲಿ ಬಂದವು. ಅದೇ ಕಾಲೇಜಿನ ಮುನ್ಷಿಯಾಗಿದ್ದ ಕೃಷ್ಣಮಾಚಾರ್ಯರು 1838ರಲ್ಲಿ ‘ಹೊಸಗನ್ನಡ ನುಡಿಗನ್ನಡಿ’ಯನ್ನು ಕನ್ನಡದಲ್ಲೇ ರಚಿಸಿದರು. ಕನ್ನಡದ ಕಾಗುಣಿತವನ್ನೂ ವಿಭಕ್ತಿಗಳನ್ನೂ ಬಾಯಿಪಾಠ ಮಾಡುತ್ತ, ಮುನ್ಷಿಯ ಮುಂದೆ ತಡವರಿಸುತ್ತ ಕುಳಿತ ಇಪ್ಪತ್ತರ ಹರೆಯದ ಇಂಗ್ಲಿಷ್ ಹುಡುಗನನ್ನು ಊಹಿಸಿಕೊಂಡರೆ ನಮ್ಮ ಮಕ್ಕಳಿಗೂ ಸ್ವಲ್ಪ ಸಮಾಧಾನವಾದೀತು.

ಆದರೆ ತಕ್ಕಡಿ ಬೇಗನೆ ಇನ್ನೊಂದು ಕಡೆಗೆ ವಾಲಿತು. 1835ರ ಫೆಬ್ರವರಿಯಲ್ಲಿ ಮೆಕಾಲೆಯ ಟಿಪ್ಪಣಿ, ಮಾರ್ಚಿನಲ್ಲಿ ಬೆಂಟಿಂಕನ ನಿರ್ಣಯ. 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್, ಸರಕಾರಿ ನೇಮಕಾತಿಯಲ್ಲಿ ಇಂಗ್ಲಿಷ್ ವಿದ್ಯಾಭ್ಯಾಸ ಪಡೆದವರಿಗೆ ಆದ್ಯತೆ ಎಂದು ಘೋಷಿಸಿದ. ನನ್ನ ಅಭಿಪ್ರಾಯದಲ್ಲಿ ಮೆಕಾಲೆಯ ಮಾತಿಗಿಂತ ಹಾರ್ಡಿಂಜನ ಆಜ್ಞೆಯೇ ನಮ್ಮ ಜನರ ಮೇಲೆ ಹೆಚ್ಚು ಪರಿಣಾಮ ಬೀರಿತು. ಇಂಗ್ಲಿಷ್ ಎಂದರೆ ಅನ್ನ ಎಂಬ ಸಮೀಕರಣ ಹುಟ್ಟಿದ್ದು ಅಲ್ಲಿ. 1857ರಲ್ಲಿ ಕಲಕತ್ತ, ಬೊಂಬಾಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಆರಂಭವಾದವು. ಅವುಗಳ ಬಾಗಿಲಲ್ಲಿ ನಿಂತದ್ದು ಪ್ರವೇಶ ಪರೀಕ್ಷೆ, ಮೆಟ್ರಿಕ್ಯುಲೇಷನ್. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರ ಶಾಲೆ, 1880ರಲ್ಲಿ ಯೇಸುಸಭೆಯವರು ತೆರೆದ ಸಂತ ಅಲೋಶಿಯಸ್ ಕಾಲೇಜು, ಇವೆಲ್ಲವೂ ಆ ಬಾಗಿಲಿಗೇ ಮಕ್ಕಳನ್ನು ತಯಾರು ಮಾಡಬೇಕಾಯಿತು. ಆ ತಯಾರಿಗೆ ಬೇಕಾದ ಪುಸ್ತಕಗಳನ್ನು ಒದಗಿಸಿದವರು ಭಾರತದ ಶಿಕ್ಷಣ ಇಲಾಖೆಯಲ್ಲಿ ದುಡಿದ ಇಂಗ್ಲಿಷರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನೆಸ್‌ಫೀಲ್ಡ್, 1930ರ ದಶಕದಲ್ಲಿ ರೆನ್ ಮತ್ತು ಮಾರ್ಟಿನ್. ಈ ರೆನ್ ಮಹಾಶಯ ಸಾಹಸಕಥೆಗಳ ಕಾದಂಬರಿಕಾರನಾಗಿಯೂ ಲೋಕಪ್ರಸಿದ್ಧ. ಅವನ ಕಾದಂಬರಿಗಳನ್ನು ಇಂದು ಓದುವವರು ಕಡಿಮೆ, ವ್ಯಾಕರಣ ಮಾತ್ರ ಪ್ರತಿ ಜೂನ್ ತಿಂಗಳಲ್ಲಿ ಹೊಸದಾಗಿ ಮಾರಾಟವಾಗುತ್ತದೆ. ಗುರುಮಠದಲ್ಲಿ ನಮ್ಮ ತಂಡದವರು ಕೈಯಿಂದ ಕೈಗೆ ಬಂದ ಅದರ ಪ್ರತಿಗಳಲ್ಲೇ ಕರ್ತರಿಯನ್ನು ಕರ್ಮಣಿಗೆ ತಿರುಗಿಸಿದ್ದು. ಹಿಂದಿನವರು ಪೆನ್ಸಿಲಿನಲ್ಲಿ ಬರೆದಿಟ್ಟ ಉತ್ತರಗಳು ಅವುಗಳಲ್ಲಿ ಇನ್ನೂ ಮಸುಕಾಗಿ ಉಳಿದಿದ್ದವು.

ಇಷ್ಟಾದರೂ ಗದ್ಯಭಾಗವನ್ನು ಓದಿ ಅರ್ಥಮಾಡಿಕೊಳ್ಳುವ ಪರೀಕ್ಷೆ ಇನ್ನೂ ರೂಪುಗೊಂಡಿರಲಿಲ್ಲ. ಓದುವುದೆಂದರೆ ಗಟ್ಟಿಯಾಗಿ ಓದುವುದು. ಇಂಗ್ಲೆಂಡಿನಲ್ಲಿ 1862ರಿಂದ ಶಾಲೆಗಳಿಗೆ ಫಲಿತಾಂಶ ನೋಡಿ ಅನುದಾನ ಕೊಡುವ ಪದ್ಧತಿ ಬಂತು. ಮುಂದೆ ಮದರಾಸು ಪ್ರಾಂತಕ್ಕೂ ಅದು ಕಾಲಿಟ್ಟಿತು. ಇನ್‌ಸ್ಪೆಕ್ಟರರು ಬಂದು ಮಗುವಿನ ಕೈಗೆ ಪುಸ್ತಕ ಕೊಟ್ಟು ಓದಿಸುತ್ತಿದ್ದರು. ಹಣದ ಪ್ರಶ್ನೆಯಾದ್ದರಿಂದ ಶಿಕ್ಷಕರು ಇಡೀ ಪುಸ್ತಕವನ್ನೇ ಬಾಯಿಪಾಠ ಮಾಡಿಸಿಬಿಟ್ಟರು. ಸ್ವತಃ ಇನ್‌ಸ್ಪೆಕ್ಟರಾಗಿದ್ದ ಕವಿ ಮ್ಯಾಥ್ಯೂ ಆರ್ನಲ್ಡ್ ಈ ವಂಚನೆಯನ್ನು ಕಟುವಾಗಿ ಖಂಡಿಸಿದ. ಮಗು ಪುಟ ತಿರುವುತ್ತಿದೆ, ನಾಲಿಗೆ ಹೊರಳುತ್ತಿದೆ, ತಲೆಯೊಳಗೆ ಏನೂ ನಡೆಯುತ್ತಿಲ್ಲ.

ತಲೆಯೊಳಗೆ ಏನು ನಡೆಯುತ್ತದೆ ಎಂದು ಇಣುಕಿ ನೋಡಿದವನು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್. 1917ರಲ್ಲಿ ಪ್ರಕಟವಾದ ಅವನ ಲೇಖನವೊಂದು ಇಂದಿಗೂ ಓದಲು ಯೋಗ್ಯ. ಮಕ್ಕಳಿಗೆ ಅವನು ಒಂದು ಸಣ್ಣ ಗದ್ಯಭಾಗ ಕೊಟ್ಟ. ಒಂದು ಊರಿನಲ್ಲಿ ಏಳರಿಂದ ಹದಿನಾಲ್ಕು ವಯಸ್ಸಿನ ಮಕ್ಕಳೆಲ್ಲ ಶಾಲೆ ನಡೆಯುವ ಪ್ರತಿದಿನವೂ ಹಾಜರಿರತಕ್ಕದ್ದು; ಮಗುವಿಗೆ ತೀವ್ರ ಕಾಯಿಲೆ, ಮನೆಯಲ್ಲಿ ಯಾರಿಗಾದರೂ ಅಂಟುರೋಗ, ಇಲ್ಲವೇ ದಾರಿ ನಡೆಯಲಾಗದ ಸ್ಥಿತಿ ಇದ್ದರೆ ಮಾತ್ರ ವಿನಾಯಿತಿ. ಇಷ್ಟೇ ಅದರ ಸಾರಾಂಶ. ಹತ್ತು ವರ್ಷದ ಹುಡುಗಿ ಯಾವ ದಿನ ಶಾಲೆಗೆ ಬರಬೇಕಾಗಿಲ್ಲ ಎಂಬಂತಹ ಪ್ರಶ್ನೆಗಳು. ಸರಳವೆಂದು ತೋರುವ ಇವುಗಳಿಗೆ ಬಂದ ಉತ್ತರಗಳು ವಿಚಿತ್ರವಾಗಿದ್ದವು. ಥಾರ್ನ್‌ಡೈಕ್ ತಪ್ಪು ಉತ್ತರಗಳನ್ನು ಕಸದಬುಟ್ಟಿಗೆ ಹಾಕಲಿಲ್ಲ, ಒಂದೊಂದನ್ನೂ ಪರಿಶೀಲಿಸಿದ. ಮಕ್ಕಳು ಪದಗಳ ಅರ್ಥ ಅರಿಯದವರೇನಲ್ಲ. ಆದರೆ ಒಂದು ಪದ ಅವರ ಮನಸ್ಸಿನಲ್ಲಿ ಅತಿಯಾಗಿ ಉಬ್ಬಿ ಉಳಿದವನ್ನು ನುಂಗಿಬಿಡುತ್ತಿತ್ತು. ‘ಇದ್ದರೆ ಮಾತ್ರ’, ‘ಹೊರತು’, ‘ಇಲ್ಲವೇ’ ಎಂಬಂತಹ ಸಣ್ಣ ಪದಗಳು ಜಾರಿಹೋಗುತ್ತಿದ್ದವು. ಓದುವುದೆಂದರೆ ಲೆಕ್ಕ ಬಿಡಿಸಿದ ಹಾಗೆ, ಪ್ರತಿಯೊಂದು ಪದಕ್ಕೂ ಅದಕ್ಕೆ ಸಲ್ಲಬೇಕಾದ ತೂಕವನ್ನೇ ಕೊಟ್ಟು ಕೂಡಿಸುವ ವಿಚಾರಕ್ರಿಯೆ ಎಂದು ಅವನು ನಿರ್ಧರಿಸಿದ. ವ್ಯಾಕರಣಕ್ಕೂ ಓದಿನ ಗ್ರಹಿಕೆಗೂ ಇರುವ ನಂಟು ಇಲ್ಲಿ ಸ್ಪಷ್ಟವಾಗುತ್ತದೆ. ಔಷಧದ ಚೀಟಿಯಲ್ಲಿರುವ ‘ಹೊರತು’ ಎಂಬ ಪದ ಜಾರಿಹೋದರೆ ಏನಾಗುತ್ತದೆಂದು ದಾದಿಯರಿಗೆ ಹೇಳಿಕೊಡಬೇಕಾಗಿಲ್ಲ.

ಅದೇ ಹೊತ್ತಿಗೆ, 1915ರಲ್ಲಿ, ಅಮೆರಿಕದ ಕ್ಯಾನ್ಸಾಸ್ ರಾಜ್ಯದಲ್ಲಿ ಫ್ರೆಡರಿಕ್ ಕೆಲಿ ಎಂಬ ಶಿಕ್ಷಣತಜ್ಞ ಮೌನವಾಚನದ ಪರೀಕ್ಷೆಯೊಂದನ್ನು ಸಿದ್ಧಪಡಿಸಿದ. ಅವಧಿ ಐದೇ ನಿಮಿಷ. ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕಿದರೆ ಮುಗಿಯಿತು. ಒಬ್ಬ ಶಿಕ್ಷಕ ಧಾರಾಳವಾಗಿ, ಇನ್ನೊಬ್ಬ ಜಿಪುಣತನದಿಂದ ಅಂಕ ಕೊಡುವ ಅನ್ಯಾಯವನ್ನು ತಪ್ಪಿಸುವುದು ಅವನ ಆಶಯ. ಬಹು ಆಯ್ಕೆಯ ಪ್ರಶ್ನೆಗೆ ಅವನನ್ನೇ ಜನಕನೆಂದು ಸಾಮಾನ್ಯವಾಗಿ ಹೇಳುತ್ತಾರೆ. ಒಂದನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಲಕ್ಷಾಂತರ ಮಂದಿಯನ್ನು ಪರೀಕ್ಷಿಸಬೇಕಾಗಿ ಬಂದಾಗ ಈ ವಿಧಾನ ಬೆಳೆಯಿತು. 1930ರ ದಶಕದ ಕೊನೆಗೆ ಪೆನ್ಸಿಲ್ ಗುರುತನ್ನು ಎಣಿಸುವ ಯಂತ್ರವೂ ಬಂತು. ಕೆಲಿಯಾದರೋ 1928ರಲ್ಲಿ ವಿಶ್ವವಿದ್ಯಾನಿಲಯವೊಂದರ ಅಧ್ಯಕ್ಷನಾದಾಗ ವಿಶಾಲವಾದ ಉದಾರ ಶಿಕ್ಷಣದ ಪರವಾಗಿ ವಾದಿಸತೊಡಗಿದ್ದ. ಅಷ್ಟರಲ್ಲಿ ಅವನ ಕೂಸು ಅವನ ಕೈಮೀರಿ ಬೆಳೆದಿತ್ತು.

ಈಗ ಇಂಗ್ಲೆಂಡಿಗೆ ಮರಳೋಣ. ಪರಭಾಷಿಕರ ಇಂಗ್ಲಿಷನ್ನು ಅಳೆಯುವ ಪರೀಕ್ಷೆಯನ್ನು ಕೇಂಬ್ರಿಜ್ ವಿಶ್ವವಿದ್ಯಾನಿಲಯ 1913ರಲ್ಲಿ ಮೊದಲ ಬಾರಿಗೆ ನಡೆಸಿತು. ತಮ್ಮ ದೇಶಗಳಲ್ಲಿ ಇಂಗ್ಲಿಷ್ ಅಧ್ಯಾಪಕರಾಗಬಯಸುವವರಿಗಾಗಿ ಏರ್ಪಟ್ಟ ಪರೀಕ್ಷೆ. ಒಟ್ಟು ಹನ್ನೆರಡು ಗಂಟೆಗಳ ಅವಧಿ. ಇಂಗ್ಲಿಷಿನಿಂದ ಫ್ರೆಂಚ್ ಅಥವಾ ಜರ್ಮನಿಗೆ ಅನುವಾದ, ಅಲ್ಲಿಂದ ಇಂಗ್ಲಿಷಿಗೆ ಅನುವಾದ, ಅದರ ಜೊತೆಗೆ ವ್ಯಾಕರಣದ ಪ್ರಶ್ನೆಗಳು, ಇಂಗ್ಲಿಷ್ ಪ್ರಬಂಧ, ಇಂಗ್ಲಿಷ್ ಸಾಹಿತ್ಯ, ಧ್ವನಿಶಾಸ್ತ್ರ, ಉಕ್ತಲೇಖನ, ಕೊನೆಗೆ ಗಟ್ಟಿಯಾದ ವಾಚನ ಮತ್ತು ಸಂಭಾಷಣೆ. ಪ್ರಬಂಧಕ್ಕೆ ಕೊಟ್ಟ ವಿಷಯಗಳಲ್ಲಿ 1857ರ ಭಾರತದ ದಂಗೆಯೂ ಒಂದು. ಪರೀಕ್ಷೆಗೆ ಕುಳಿತವರು ಮೂವರು. ಮೂವರೂ ಅನುತ್ತೀರ್ಣರಾದರು.

1920ರ ದಶಕದ ಕೊನೆಗೂ ಅಭ್ಯರ್ಥಿಗಳ ಸಂಖ್ಯೆ ವರ್ಷಕ್ಕೆ ಹದಿನೈದರ ಆಸುಪಾಸಿನಲ್ಲೇ ಇತ್ತು. ಪರೀಕ್ಷೆಯನ್ನು ಮುಚ್ಚಿಬಿಡುವ ಆಲೋಚನೆಯೂ ನಡೆದಿತ್ತು. 1939ರಲ್ಲಿ ಅದಕ್ಕಿಂತ ಸುಲಭವಾದ ಇನ್ನೊಂದು ಹಂತದ ಪರೀಕ್ಷೆಯನ್ನು ಸೇರಿಸಿದರು. ಯುದ್ಧಕಾಲದಲ್ಲಿ ಬ್ರಿಟನ್ನಿನಲ್ಲಿದ್ದ ಪೋಲೆಂಡಿನ ಸೈನಿಕರೂ ಶಿಬಿರಗಳಲ್ಲಿದ್ದ ಯುದ್ಧಕೈದಿಗಳೂ ಈ ಪರೀಕ್ಷೆಗಳನ್ನು ಬರೆದರು. ಮುಳ್ಳುತಂತಿಯ ಒಳಗೆ ಕುಳಿತು ಶತ್ರುವಿನ ಭಾಷೆಯ ಕ್ರಿಯಾಪದಗಳನ್ನು ರೂಢಿಸಿಕೊಂಡವರ ಮನಃಸ್ಥಿತಿ ಹೇಗಿದ್ದಿರಬಹುದು! ನಿರಾಶ್ರಿತರಿಂದ ಆರಂಭವಾದ ಈ ಚರಿತ್ರೆಯಲ್ಲಿ ಸ್ಥಾನಭ್ರಷ್ಟರು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾರೆ.

1975ರಲ್ಲಿ ಕೇಂಬ್ರಿಜಿನ ಪರೀಕ್ಷೆ ದೊಡ್ಡ ಪರಿಷ್ಕರಣೆಗೆ ಒಳಗಾಗಿ ಐದು ಪತ್ರಿಕೆಗಳ ರೂಪ ತಾಳಿತು: ಬರವಣಿಗೆ, ಓದಿನ ಗ್ರಹಿಕೆ, ಭಾಷಾಬಳಕೆ, ಆಲಿಸುವಿಕೆ, ಸಂದರ್ಶನ. ಓದಿನ ಗ್ರಹಿಕೆಗೆ ತನ್ನದೇ ಪತ್ರಿಕೆ ಸಿಕ್ಕಿತು, ಅದರಲ್ಲಿ ಬಹು ಆಯ್ಕೆಯ ಪ್ರಶ್ನೆಗಳು. ವ್ಯಾಕರಣ ಭಾಷಾಬಳಕೆಯ ಪತ್ರಿಕೆಯೊಳಗೆ ಸೇರಿಕೊಂಡಿತು. ಕಡ್ಡಾಯ ಪತ್ರಿಕೆಗಳ ಸಾಲಿನಿಂದ ಅನುವಾದ ಹೊರಬಿತ್ತು. ಇದಕ್ಕೆ ವ್ಯಾವಹಾರಿಕ ಕಾರಣಗಳಿದ್ದವು. ಜಗತ್ತಿನ ನೂರಾರು ಭಾಷೆಗಳಿಗೆ ಪರೀಕ್ಷಕರನ್ನು ಎಲ್ಲಿಂದ ತರುವುದು? ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಎಂಬ ಸಮಾನತೆಯೂ ಅದರಲ್ಲಿತ್ತು. ಆದರೆ 1913ರ ಪರೀಕ್ಷೆ ಅಭ್ಯರ್ಥಿಯನ್ನು ಎರಡು ಭಾಷೆಗಳ ಮನುಷ್ಯನೆಂದು ಪರಿಗಣಿಸಿತ್ತು. 1975ರ ನಂತರದ ಪರೀಕ್ಷೆಗೆ ಅವನ ತಾಯ್ನುಡಿ ಯಾವುದೆಂದು ಕೇಳುವ ಅಗತ್ಯವೇ ಇರಲಿಲ್ಲ. ಗಳಿಸಿದ್ದೆಷ್ಟು, ಕಳೆದುಕೊಂಡದ್ದೆಷ್ಟು ಎಂಬ ಲೆಕ್ಕವನ್ನು ಯಾರೂ ಸರಿಯಾಗಿ ಹಾಕಿದಂತೆ ಕಾಣುವುದಿಲ್ಲ.

ಈ ಚರಿತ್ರೆಯಲ್ಲಿ ನನಗೆ ಬಹು ಪ್ರಿಯನಾದ ವ್ಯಕ್ತಿ ಮೈಕಲ್ ವೆಸ್ಟ್. ಇಂದಿನ ಬಾಂಗ್ಲಾದೇಶದ ಢಾಕಾ ನಗರದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನ ಪ್ರಾಂಶುಪಾಲನಾಗಿದ್ದ ಈ ಇಂಗ್ಲಿಷ್ ಅಧಿಕಾರಿ 1926ರಲ್ಲಿ ಬಂಗಾಳದ ದ್ವಿಭಾಷಿಕತೆಯ ಕುರಿತು ಒಂದು ವರದಿ ಪ್ರಕಟಿಸಿದ. ಅದರಲ್ಲಿ ಅವನು ಬಳಸಿದ ಒಂದು ಪದ ವಿಮೆಯ ವ್ಯವಹಾರದ್ದು. ಎಲ್‌ಐಸಿ ಪಾಲಿಸಿ ಮಾಡಿಸಿದವರಿಗೆಲ್ಲ ಅದು ಗೊತ್ತು: ಸರೆಂಡರ್ ವ್ಯಾಲ್ಯೂ. ಪಾಲಿಸಿಯನ್ನು ಅವಧಿಗೆ ಮೊದಲೇ ನಿಲ್ಲಿಸಿದರೆ ಕೈಗೆ ಎಷ್ಟು ಬರುತ್ತದೆ ಎಂಬ ಮೊತ್ತ. ವೆಸ್ಟ್ ಕೇಳಿದ ಪ್ರಶ್ನೆ ಇದು. ಬಂಗಾಳದ ಹಳ್ಳಿಯ ಹುಡುಗರಲ್ಲಿ ಬಹುಪಾಲು ಮಂದಿ ಮೆಟ್ರಿಕ್ಯುಲೇಷನ್ ತಲುಪುವ ಮೊದಲೇ ಶಾಲೆ ಬಿಡುತ್ತಾರೆ. ಮೂರು ವರ್ಷ ಇಂಗ್ಲಿಷ್ ಕಲಿತು ಬಿಟ್ಟವನ ಕೈಯಲ್ಲಿ ಏನು ಉಳಿದಿರುತ್ತದೆ? ವ್ಯಾಕರಣದ ಕೆಲವು ಸೂತ್ರಗಳು, ಬಾಯಿಪಾಠ ಮಾಡಿದ ಒಂದೆರಡು ಪದ್ಯಗಳು. ಮಾತಾಡಲು ಬಾರದು, ಬರೆಯಲು ಬಾರದು, ಓದಲೂ ಬಾರದು. ಪರೀಕ್ಷೆಯವರೆಗೆ ಹೋದವನಿಗೆ ಮಾತ್ರ ಲಾಭ ಕೊಡುವ ಶಿಕ್ಷಣ, ನಡುದಾರಿಯಲ್ಲಿ ಬಿಟ್ಟವನ ಕಂತುಗಳನ್ನು ನುಂಗಿಹಾಕುವ ವಿಮೆ ಕಂಪೆನಿಯಂತೆ.

ಅವನು ಸೂಚಿಸಿದ ಪರಿಹಾರ ಓದುವುದಕ್ಕೆ ಮೊದಲ ಸ್ಥಾನ ಕೊಡುವುದು. ಸ್ವಲ್ಪವೇ ಕಲಿತರೂ ಓದು ಉಪಯೋಗಕ್ಕೆ ಬರುತ್ತದೆ. ಶಾಲೆ ಬಿಟ್ಟ ಮೇಲೂ ಒಬ್ಬನೇ ಬೆಳೆಸಿಕೊಳ್ಳಬಹುದು. ಥಾರ್ನ್‌ಡೈಕ್ 1921ರಲ್ಲಿ ಸಿದ್ಧಪಡಿಸಿದ್ದ ಪದಪಟ್ಟಿಯ ಸಹಾಯದಿಂದ ವೆಸ್ಟ್ ಅಪರೂಪದ ಪದಗಳನ್ನು ಕಿತ್ತುಹಾಕಿ, ಹೊಸ ಪದಗಳು ಒಮ್ಮೆಗೇ ನುಗ್ಗದಂತೆ ದೂರ ದೂರ ಹಂಚಿ, ಒಮ್ಮೆ ಬಂದ ಪದ ಮತ್ತೆ ಮತ್ತೆ ಬರುವಂತೆ ಕಥೆಗಳನ್ನು ಹೊಸದಾಗಿ ಬರೆದ. ‘ನ್ಯೂ ಮೆಥಡ್’ ವಾಚಿಕೆಗಳು ಎಂಬ ಹೆಸರಿನಲ್ಲಿ ಅವು ಪ್ರಸಿದ್ಧವಾದವು. 1953ರಲ್ಲಿ ಅವನು ಹೊರತಂದ ಸುಮಾರು ಎರಡು ಸಾವಿರ ಮೂಲಪದಗಳ ಪಟ್ಟಿಯನ್ನು ಇಂದಿ‍ಗೂ ಪಠ್ಯಪುಸ್ತಕ ರಚಿಸುವವರು ಬಲ್ಲರು. ವೆಸ್ಟನ ಯೋಚನೆಯಲ್ಲಿ ವಸಾಹತುಶಾಹಿಯ ವಾಸನೆಯಿದೆ ಎಂದು ಟೀಕಿಸುವವರಿದ್ದಾರೆ. ಆಳುವವರು ಮಾತನಾಡಲಿ, ಆಳಿಸಿಕೊಳ್ಳುವವರು ಓದಿಕೊಂಡಿರಲಿ ಎಂದಂತಾಗಲಿಲ್ಲವೇ? ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಆದರೂ ಶಾಲೆ ಬಿಟ್ಟ ಹುಡುಗನನ್ನು ಲೆಕ್ಕಕ್ಕೆ ಹಿಡಿದ ಶಿಕ್ಷಣತಜ್ಞರು ಅಂದು ಎಷ್ಟು ಮಂದಿ ಇದ್ದರು, ಇಂದು ಎಷ್ಟು ಮಂದಿ ಇದ್ದಾರೆ? ಕೋಚಿಂಗ್ ಸೆಂಟರಿಗೆ ಆರು ತಿಂಗಳ ಶುಲ್ಕ ಕಟ್ಟಿ, ಅರ್ಧ ಬ್ಯಾಂಡ್ ಕಡಿಮೆ ಬಂದು ಮನೆಗೆ ಮರಳುವ ನಮ್ಮ ಮಗಳಿಗೆ ದೊರೆಯುವ ಸರೆಂಡರ್ ವ್ಯಾಲ್ಯೂ ಎಷ್ಟೆಂದು ಕೇಳಬೇಕಾಗಿದೆ. ಆ ಆರು ತಿಂಗಳಲ್ಲಿ ಆಕೆ ಉತ್ತರ ಊಹಿಸುವ ಉಪಾಯಗಳನ್ನಷ್ಟೇ ಕಲಿತಿದ್ದರೆ ಮೊತ್ತ ಸೊನ್ನೆ. ಇಂಗ್ಲಿಷ್ ಪತ್ರಿಕೆಯೊಂದನ್ನು ತಾನಾಗಿ ಓದುವಷ್ಟು ಬೆಳೆದಿದ್ದರೆ ಹಣ ಪೂರ್ತಿ ಮುಳುಗಿಲ್ಲ.

ವೆಸ್ಟನ ನಂತರದ ದೊಡ್ಡ ಪ್ರಯೋಗ ನಮ್ಮ ಬೆಂಗಳೂರಿನ ಹೆಸರಿನಲ್ಲೇ ಜಗತ್ತಿನ ಪುಸ್ತಕಗಳಲ್ಲಿ ದಾಖಲಾಗಿದೆ. ಕನ್ನಡಿಗರಲ್ಲಿ ಇದನ್ನು ಬಲ್ಲವರು ಕಡಿಮೆ ಎಂಬುದೇ ಸೋಜಿಗ. 1963ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಮತ್ತು ಬ್ರಿಟಿಷ್ ಕೌನ್ಸಿಲಿನ ಆಶ್ರಯದಲ್ಲಿ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರು, ಮದರಾಸು, ಕಡಲೂರುಗಳ ಕೆಲವು ಸಾಮಾನ್ಯ ಶಾಲೆಗಳಲ್ಲಿ ಇಂಗ್ಲಿಷನ್ನು ಬೇರೊಂದು ರೀತಿಯಲ್ಲಿ ಕಲಿಸಿ ನೋಡಿದರು. ವ್ಯಾಕರಣದ ಪಾಠವೇ ಇಲ್ಲ. ಬದಲಿಗೆ ಒಂದು ರೈಲು ವೇಳಾಪಟ್ಟಿ, ಒಂದು ನಕ್ಷೆ, ಒಂದು ಸಂಸಾರದ ತಿಂಗಳ ಖರ್ಚಿನ ಲೆಕ್ಕ. ಅದನ್ನು ಓದಿ ಯೋಚಿಸಿ ಉತ್ತರ ಕಂಡುಹಿಡಿಯಬೇಕು. ಮೊದಲು ಶಿಕ್ಷಕರು ಇಡೀ ತರಗತಿಯೊಂದಿಗೆ ಅಂತಹದೇ ಒಂದು ಸಮಸ್ಯೆಯನ್ನು ಬಾಯಿಮಾತಿನಲ್ಲಿ ಬಿಡಿಸುತ್ತಿದ್ದರು. ನಂತರ ಪ್ರತಿ ಮಗುವೂ ತಾನಾಗಿ ಇನ್ನೊಂದನ್ನು ಬಿಡಿಸಬೇಕು. ವಾಕ್ಯ ಸರಿಯೇ ಎಂಬುದಕ್ಕಿಂತ ಉತ್ತರ ಸರಿಯೇ ಎಂದು ನೋಡುತ್ತಿದ್ದರು. ಮನಸ್ಸು ಅರ್ಥದಲ್ಲಿ ಮಗ್ನವಾಗಿರುವಾಗ ವ್ಯಾಕರಣ ತಾನೇ ಒಳಗೆ ಇಳಿಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಮಗು ತಾಯಿಯ ಮಡಿಲಲ್ಲಿ ಕಲಿಯುವುದೂ ಹೀಗೆಯೇ ಅಲ್ಲವೇ!

ಕೊನೆಯಲ್ಲಿ ಸ್ಕಾಟ್ಲೆಂಡಿನಿಂದ ಬಂದ ಅಲನ್ ಡೇವಿಸ್ ಮತ್ತು ಅವರ ಸಹೋದ್ಯೋಗಿ ಬೆರೆಟಾ ಫಲಿತಾಂಶವನ್ನು ಅಳೆದರು. ಹಳೆಯ ರೀತಿಯ ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೆಯ ರೀತಿಯಲ್ಲಿ ಕಲಿತ ಮಕ್ಕಳು ಮುಂದಿದ್ದರು. ಅರ್ಥದ ಸಂದರ್ಭದೊಳಗೆ ವ್ಯಾಕರಣವನ್ನು ಬಳಸುವ ಪರೀಕ್ಷೆಯಲ್ಲಿ ಪ್ರಭು ಅವರ ಮಕ್ಕಳು ಮುಂದಿದ್ದರು. ಒಟ್ಟಿನಲ್ಲಿ ತೀರ್ಮಾನ ಪ್ರಯೋಗಕ್ಕೆ ಅನುಕೂಲವಾಗಿತ್ತು, ಎಚ್ಚರಿಕೆಯ ಮಾತೂ ಜೊತೆಗಿತ್ತು. 1987ರಲ್ಲಿ ಪ್ರಭು ಅವರ ಪುಸ್ತಕ ಆಕ್ಸ್‌ಫರ್ಡಿನಿಂದ ಪ್ರಕಟವಾಗಿ ಅನೇಕ ದೇಶಗಳಲ್ಲಿ ಪಠ್ಯಕ್ರಮಗಳ ಮೇಲೆ ಪ್ರಭಾವ ಬೀರಿತು. ಬೆಂಗಳೂರಿನ ಶಾಲೆಗಳಲ್ಲಿ ಬಿಟ್ಟ ಸ್ಥಳ ತುಂಬುವ ಅಭ್ಯಾಸ ಎಂದಿನಂತೆ ಮುಂದುವರಿಯಿತು.

1989ರಲ್ಲಿ ಐಇಎಲ್‌ಟಿಎಸ್ ಹುಟ್ಟಿತು. ಅದನ್ನು ರೂಪಿಸುವಾಗ ಪ್ರತ್ಯೇಕವಾದ ವ್ಯಾಕರಣ ಪತ್ರಿಕೆಯೊಂದನ್ನೂ ಸಿದ್ಧಪಡಿಸಿ ಪ್ರಯೋಗಿಸಿದ್ದರು. ವ್ಯಾಕರಣದಲ್ಲಿ ಹೆಚ್ಚು ಅಂಕ ಪಡೆದವರೇ ಓದಿನಲ್ಲೂ ಹೆಚ್ಚು ಅಂಕ ಪಡೆಯುತ್ತಿದ್ದರು. ಎರಡು ಪತ್ರಿಕೆಗಳು ಹೆಚ್ಚುಕಡಿಮೆ ಒಂದೇ ಸಂಗತಿಯನ್ನು ಹೇಳುತ್ತಿದ್ದುದರಿಂದ ವ್ಯಾಕರಣದ ಪತ್ರಿಕೆಯನ್ನು ಕೈಬಿಟ್ಟರು. ವ್ಯಾಕರಣ ಬೇಡವೆಂದು ಬಿಟ್ಟದ್ದಲ್ಲ, ಓದಿನೊಳಗೆ ಅದು ಆಗಲೇ ಅಡಗಿದೆಯೆಂದು ಬಿಟ್ಟದ್ದು. ಇದನ್ನರಿಯದ ಕೆಲವರು ಐಇಎಲ್‌ಟಿಎಸ್‌ಗೆ ವ್ಯಾಕರಣ ಕಲಿಯಬೇಕಾಗಿಲ್ಲ ಎಂದು ಜಾಹೀರಾತು ಕೊಡುವುದುಂಟು.

ಆ ಪರೀಕ್ಷೆಯಲ್ಲಿ ಒಂದು ಗಂಟೆಗೆ ಮೂರು ಗದ್ಯಭಾಗ, ನಲವತ್ತು ಪ್ರಶ್ನೆ. ನಮ್ಮ ಮಕ್ಕಳು ಹೆಚ್ಚಾಗಿ ಎಡವುವುದು ಒಂದು ವಿಶಿಷ್ಟ ಬಗೆಯ ಪ್ರಶ್ನೆಯಲ್ಲಿ: ಹೇಳಿಕೆ ಸರಿಯೋ, ತಪ್ಪೋ, ಅಥವಾ ಗದ್ಯದಲ್ಲಿ ಹೇಳಿಲ್ಲವೋ? ತಪ್ಪು ಎಂದರೆ ಗದ್ಯಭಾಗ ಅದಕ್ಕೆ ವಿರುದ್ಧವಾಗಿ ಹೇಳಿರಬೇಕು. ಹೇಳಿಲ್ಲ ಎಂದರೆ ಗದ್ಯಭಾಗ ಆ ವಿಷಯದಲ್ಲಿ ಮೌನವಾಗಿರಬೇಕು. ನಮಗೆ ಮೊದಲೇ ಗೊತ್ತಿರುವುದನ್ನು ಗದ್ಯಭಾಗವೇ ಹೇಳಿತೆಂದು ಭ್ರಮಿಸುವುದು ಮನುಷ್ಯಸಹಜ. ಪ್ರಬೋಧನೆ ಮಾಡುವ ನಾವು ಗುರುಗಳು ಸಹ ಶುಭಸಂದೇಶದ ವಾಚನವಾದ ಮೇಲೆ ಈ ಮೂರನೆಯ ಉತ್ತರವನ್ನು ಆಗಾಗ ನೆನೆದುಕೊಳ್ಳುವುದು ಒಳ್ಳೆಯದು.

ಜೇನುಹುಳದ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಎಲ್ಲ ವೃತ್ತಿಯವರಿಗೂ ಎಲ್ಲ ದೇಶದವರಿಗೂ ಒಂದೇ ಪತ್ರಿಕೆ ಆಗಬೇಕಾದರೆ ಯಾರ ಕಸುಬಿಗೂ ಸೇರದ ವಿಷಯವೇ ಸುರಕ್ಷಿತ. ಈ ಕೊರತೆಯನ್ನು ಮನಗಂಡು ಆಸ್ಟ್ರೇಲಿಯದಲ್ಲಿ 1980ರ ದಶಕದಲ್ಲಿ ವೈದ್ಯಕೀಯ ವೃತ್ತಿಯವರಿಗೆಂದೇ ಒಇಟಿ ಪರೀಕ್ಷೆಯನ್ನು ರೂಪಿಸಿದರು. ಅಲ್ಲಿ ರೋಗಿಯ ವರದಿ, ವರ್ಗಾವಣೆಯ ಪತ್ರ, ಆಸ್ಪತ್ರೆಯ ಸೂಚನೆಗಳು ಗದ್ಯಭಾಗಗಳಾಗಿ ಬರುತ್ತವೆ. ಬ್ರಿಟನ್ನಿನ ದಾದಿಯರ ಮಂಡಳಿ ಎರಡನ್ನೂ ಅಂಗೀಕರಿಸುತ್ತದೆ. ಅದೇ ಮಂಡಳಿ 2018ರ ಡಿಸೆಂಬರಿನಲ್ಲಿ ಐಇಎಲ್‌ಟಿಎಸ್ ಬರವಣಿಗೆಗೆ ಬೇಕಾದ ಅಂಕವನ್ನು 7ರಿಂದ 6.5ಕ್ಕೆ ಇಳಿಸಿತು, ಓದು, ಆಲಿಸುವಿಕೆ, ಮಾತು ಇವುಗಳಲ್ಲಿ 7ನ್ನೇ ಉಳಿಸಿಕೊಂಡಿತು. ಆ ಅರ್ಧ ಅಂಕಕ್ಕಾಗಿ ಅದಕ್ಕೆ ಮೊದಲು ಮೂರು ನಾಲ್ಕು ಬಾರಿ ಪರೀಕ್ಷೆಗೆ ಕುಳಿತು ಸೋತ ದಾದಿಯರು ನಮ್ಮ ನಡುವೆಯೇ ಇದ್ದಾರೆ.

ಹೊರಹಾಕಲ್ಪಟ್ಟ ಅನುವಾದ ಈಚೆಗೆ ಬೇರೊಂದು ಹೆಸರಿನಲ್ಲಿ ಹಿಂದಿನ ಬಾಗಿಲಿನಿಂದ ಒಳಬರುತ್ತಿದೆ. ಯುರೋಪಿನ ಪರಿಷತ್ತು 2001ರಲ್ಲಿ ಪ್ರಕಟಿಸಿದ ಭಾಷಾಮಟ್ಟಗಳ ಚೌಕಟ್ಟಿನಲ್ಲಿ, ಒಂದು ಭಾಷೆಯಲ್ಲಿ ಓದಿದ್ದನ್ನು ಇನ್ನೊಂದು ಭಾಷೆಯವರಿಗೆ ತಿಳಿಸಿಹೇಳುವ ಸಾಮರ್ಥ್ಯವನ್ನೂ ಭಾಷಾಜ್ಞಾನದ ಒಂದು ಅಂಗವೆಂದು ಪರಿಗಣಿಸಲಾಗಿತ್ತು. 2020ರ ಪೂರಕ ಸಂಪುಟದಲ್ಲಿ ಅದನ್ನು ಅಳೆಯುವ ಮಾನದಂಡಗಳನ್ನು ವಿಸ್ತಾರವಾಗಿ ಕೊಟ್ಟಿದ್ದಾರೆ. ಗ್ರೀಸ್ ದೇಶ ತನ್ನ ಸರಕಾರಿ ಇಂಗ್ಲಿಷ್ ಪರೀಕ್ಷೆಯಲ್ಲಿ ಇದನ್ನು ಅದಕ್ಕೂ ಬಹಳ ಮೊದಲೇ ಅಳವಡಿಸಿಕೊಂಡಿತ್ತು. ಅಲ್ಲಿನ ಅಭ್ಯರ್ಥಿಯ ಕೈಗೆ ಗ್ರೀಕ್ ಭಾಷೆಯ ಒಂದು ಬರಹವನ್ನು ಕೊಡುತ್ತಾರೆ. ಅವನು ಅದನ್ನು ಓದಿ, ಬೇಕಾದ ಅಂಶಗಳನ್ನಷ್ಟೇ ಆರಿಸಿ, ಗ್ರೀಕ್ ಬಾರದ ಗೆಳೆಯನಿಗೆ ಇಂಗ್ಲಿಷಿನಲ್ಲಿ ಬರೆದು ತಿಳಿಸಬೇಕು.